ಎಲ್‌ಇಡಿ ಹೊತ್ತಿತು, ಮೋಟರ್ ತಿರುಗಲಿಲ್ಲ: ಹಳೆಯ ಕಂಪ್ಯೂಟರಿನ ಪ್ರಿಂಟರ್ ಪೋರ್ಟ್ ಬಗ್ಗೆ ಶಿಕ್ಷಕರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಶಾಲೆಯಲ್ಲಿ ಯಾರೂ ಬಳಸದೆ ಬಿದ್ದಿರುವ ಪೆಂಟಿಯಂ 4 ಕಂಪ್ಯೂಟರ್ ಒಂದಿದೆ. ಅದರಲ್ಲಿ ವಿಂಡೋಸ್ 98 ಇದೆ, ಹಿಂಬದಿಯಲ್ಲಿ 25 ತೂತುಗಳ ಪ್ರಿಂಟರ್ ಪೋರ್ಟ್ ಇದೆ. ಒಂಬತ್ತನೇ ತರಗತಿಯ ಮಕ್ಕಳ ಜೊತೆ ಸೇರಿ ಅದರಿಂದ ಪುಟ್ಟ ರೋಬೋ ಗಾಡಿಯೊಂದನ್ನು ಓಡಿಸಲು ಹೊರಟೆವು. ಕ್ಯೂಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆದೇಶ ಬರೆದು 2ನೇ ಪಿನ್ನಿಗೆ ಎಲ್‌ಇಡಿ ಜೋಡಿಸಿದರೆ ಹೊತ್ತಿತು, ಆದರೆ ಆಟಿಕೆಯ ಮೋಟರ್ ಜೋಡಿಸಿದರೆ ಅಲುಗಲೂ ಇಲ್ಲ. ಪರಿಚಯದ ಮೆಕ್ಯಾನಿಕ್ ಹೇಳಿದಂತೆ ಬಿಸಿ 547 (BC547) ಎಂಬ ಟ್ರಾನ್ಸಿಸ್ಟರ್ ಒಂದನ್ನು ನಡುವೆ ಹಾಕಿ, ಅದೇ ಕಂಪ್ಯೂಟರಿನ ಎಸ್‌ಎಂಪಿಎಸ್‌ನ (ವಿದ್ಯುತ್ ಪೂರೈಸುವ ಪೆಟ್ಟಿಗೆಯ) ಹಳದಿ ತಂತಿಯಿಂದ 12 ವೋಲ್ಟ್ ಕೊಟ್ಟು ಗೇರ್ ಮೋಟರ್ ಜೋಡಿಸಿದೆವು. ಅದು ಎರಡು ಕ್ಷಣ ತಿರುಗಿತು, ಕಂಪ್ಯೂಟರ್ ಸ್ತಬ್ಧವಾಯಿತು. ಮತ್ತೆ ಚಾಲೂ ಮಾಡಿದಾಗ ಕಂಪ್ಯೂಟರ್ ಸರಿಯಾಗಿಯೇ ಇದೆ, ಆದರೆ 2ನೇ ಪಿನ್ನಿನಲ್ಲಿ ಎಲ್‌ಇಡಿ ಈಗ ಹೊತ್ತುವುದಿಲ್ಲ. ಪೋರ್ಟ್ ಪೂರ್ತಿ ಹೋಯಿತೇ? ಹಳೆಯ ಕಂಪ್ಯೂಟರಿಗೆ ಇಷ್ಟು ಶಕ್ತಿ ಇಲ್ಲ, ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಬದಲಿಸುವ ಕೇಬಲ್ ಹಾಕಿಕೊಳ್ಳಿ ಎಂದು ಒಬ್ಬರು ಹೇಳುತ್ತಾರೆ, ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಣ ಬೋರ್ಡ್ ಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಒಂದು ವಿಷಯ ಬಿಟ್ಟುಹೋಯಿತು: ಕ್ಯಾಬಿನೆಟ್ ಮುಟ್ಟಿದಾಗ ಒಬ್ಬ ಹುಡುಗನಿಗೆ ಕೈ ಜುಮ್ ಎಂದಿತಂತೆ.

ಉತ್ತರ: ನೀವು ಕೊನೆಯಲ್ಲಿ ಬರೆದ ಸಾಲಿಗೆ ನಾನು ಮೊದಲು ಉತ್ತರಿಸಬೇಕು. ಕೈ ಜುಮ್ ಎಂದಿತು ಎಂದರೆ ಆ ಕೋಣೆಯ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತಿಂಗ್ ಇಲ್ಲ, ಅಥವಾ ಇದ್ದರೂ ಎಲ್ಲೋ ತುಂಡಾಗಿದೆ ಎಂದು ತಿಳಿಯಬೇಕು. ಎಸ್‌ಎಂಪಿಎಸ್‌ನ ಒಳಗೆ ವಿದ್ಯುತ್ತಿನ ಗದ್ದಲ ತಡೆಯುವುದಕ್ಕಾಗಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಪೆಟ್ಟಿಗೆಗೆ ಒಂದೊಂದು ಚಿಕ್ಕ ಕೆಪಾಸಿಟರ್ ಜೋಡಿಸಿರುತ್ತಾರೆ. ಅರ್ತಿಂಗ್ ಸರಿಯಾಗಿದ್ದರೆ ಅವುಗಳಿಂದ ಸೋರುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ; ಇಲ್ಲದಿದ್ದರೆ ಪೆಟ್ಟಿಗೆಯು 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಹಾಗೆ ಸೋರುವ ವಿದ್ಯುತ್ತು ಬಹಳ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಜುಮ್ ಎಂದು ಬಿಡುತ್ತದೆ. ಆದರೆ ಎಸ್‌ಎಂಪಿಎಸ್‌ನೊಳಗೆ ನಿಜವಾದ ದೋಷವೊಂದು ಹುಟ್ಟಿದ ದಿನ ಅದೇ ಪೆಟ್ಟಿಗೆಗೆ ಪೂರ್ತಿ ಫೇಸ್ ಬರಬಹುದು, ಆಗ ಮಗುವನ್ನು ಕಾಯಬೇಕಾದದ್ದು ಅದೇ ಅರ್ತಿಂಗ್ ತಂತಿ. ಎಲೆಕ್ಟ್ರಿಷಿಯನ್ ಬಂದು ಅದನ್ನು ಸರಿಪಡಿಸುವವರೆಗೆ ಈ ಕಂಪ್ಯೂಟರಿನ ಹತ್ತಿರ ಮಕ್ಕಳನ್ನು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚಿನ ಒತ್ತಡ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇನ್ನು ಮೋಟರಿನ ವಿಷಯ. ನಿಮ್ಮ ಕಂಪ್ಯೂಟರಿಗೆ ಶಕ್ತಿ ಸಾಲದೆ ಮೋಟರ್ ತಿರುಗಲಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಇವತ್ತೇ ಅಂಗಡಿಯಿಂದ ತಂದ ಕಂಪ್ಯೂಟರಿನಲ್ಲಿ ಆ ಪೋರ್ಟ್ ಇದ್ದರೂ ಅದು ತಿರುಗುತ್ತಿರಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯ ಕಾಲದಿಂದಲೂ ಈ ಪೋರ್ಟಿನ ಕೆಲಸ ಪ್ರಿಂಟರಿಗೆ ‘ಈ ಅಕ್ಷರ ಮುದ್ರಿಸು’ ಎಂದು ಹೇಳುವುದಷ್ಟೇ. ಪ್ರಿಂಟರಿನ ಒಳಗಿನ ಮೋಟರುಗಳಿಗೆ ಬೇಕಾದ ವಿದ್ಯುತ್ತನ್ನು ಪ್ರಿಂಟರ್ ತನ್ನದೇ ಪ್ಲಗ್ಗಿನಿಂದ ಪಡೆಯುತ್ತಿತ್ತು. ಆರಂಭದ ಪೋರ್ಟುಗಳಲ್ಲಿ ಬಳಸುತ್ತಿದ್ದ ಚಿಪ್ಪಿನ ಒಂದು ಪಿನ್ ಹೊರಗೆ ಕೊಡಬಲ್ಲದ್ದು 2.6 ಮಿಲಿ ಆಂಪಿಯರ್. ನಂತರದ ಕಂಪ್ಯೂಟರುಗಳಲ್ಲಿ ಅದು ಹೆಚ್ಚಾದರೂ ಹತ್ತಿಪ್ಪತ್ತು ಮಿಲಿ ಆಂಪಿಯರ್ ಮೀರದು. ಎಲ್‌ಇಡಿ ಮಿನುಗಲು ಅಷ್ಟು ಧಾರಾಳವಾಗಿ ಸಾಕು.

ಮೋಟರಿಗೆ ಎಷ್ಟು ಬೇಕು ಎಂಬುದನ್ನು ನಿಮ್ಮ ಮಕ್ಕಳೇ ಅಳೆಯಬಹುದು. ನನ್ನ ಮೇಜಿನ ಮೇಲೆ ಆಟಿಕೆಯ ಕಾರಿನಿಂದ ಬಿಚ್ಚಿದ 3 ವೋಲ್ಟಿನ ಮೋಟರ್ ಒಂದಿದೆ. ಅದರ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು, ದಂಡವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತಾ ಹೋದರೆ ಮುಳ್ಳು 2 ಓಮ್ ಆಸುಪಾಸಿನಲ್ಲಿ ಓಲಾಡುತ್ತದೆ. ಮೂರನ್ನು ಎರಡರಿಂದ ಭಾಗಿಸಿದರೆ ಒಂದೂವರೆ ಆಂಪಿಯರ್. ನಿಂತ ಮೋಟರ್ ಹೊರಡುವ ಕ್ಷಣದಲ್ಲಿ, ಅಥವಾ ಚಕ್ರ ಎಲ್ಲಾದರೂ ಸಿಕ್ಕಿಕೊಂಡಾಗ ಎಳೆಯುವ ಪ್ರವಾಹ ಅದು. ಓಡಲು ತೊಡಗಿದ ಮೇಲೆ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುವುದರಿಂದ ಪ್ರವಾಹ ನೂರಿನ್ನೂರು ಮಿಲಿ ಆಂಪಿಯರಿಗೆ ಇಳಿಯುತ್ತದೆ. ಆದ್ದರಿಂದ ಮೋಟರಿಗೆ ಪ್ರವಾಹ ಒದಗಿಸುವ ಡ್ರೈವರ್ ಐಸಿ ಆರಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಓಡುವಾಗಿನ ಅಂಕಿಯನ್ನಲ್ಲ, ಹೊರಡುವಾಗಿನ ಅಂಕಿಯನ್ನು.

ನಿಮ್ಮ ಮೆಕ್ಯಾನಿಕ್ ಟ್ರಾನ್ಸಿಸ್ಟರ್ ಹಾಕಿ ಎಂದದ್ದು ಸರಿಯಾದ ದಾರಿಯೇ, ಆದರೆ ಬಿಸಿ 547 ತಾಳುವುದು ಹೆಚ್ಚೆಂದರೆ 100 ಮಿಲಿ ಆಂಪಿಯರ್. 12 ವೋಲ್ಟಿನ ಗೇರ್ ಮೋಟರ್ ಹೊರಡುವಾಗಲೇ ಅದರ ಹಲವು ಪಟ್ಟು ಎಳೆದಿರುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ, ಅಂದರೆ ಪೋರ್ಟಿನ ಆದೇಶ ಬರುವ ಕಾಲಿಗೆ, ರೆಸಿಸ್ಟರ್ ಹಾಕಿದಿರೋ ಇಲ್ಲವೋ ನೀವು ಬರೆದಿಲ್ಲ. ಮೋಟರಿಗೆ ಅಡ್ಡಲಾಗಿ ಡಯೋಡ್ (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದ ಪ್ರಸ್ತಾಪವೂ ಇಲ್ಲ. ನನ್ನ ಅನುಭವದಲ್ಲಿ ಇಂಥ ಪ್ರಸಂಗಗಳು ಸಾಮಾನ್ಯವಾಗಿ ಒಂದೇ ರೀತಿ ನಡೆಯುತ್ತವೆ: ಕಾದ ಟ್ರಾನ್ಸಿಸ್ಟರಿನ ಒಳಗೆ ಮೋಟರ್ ಕಡೆಯ ಕಾಲಾದ ಕಲೆಕ್ಟರ್ ಮತ್ತು ಬೇಸ್ ಒಂದಾಗಿ ಬೆಸೆದುಹೋಗುತ್ತವೆ, ಆ ಕ್ಷಣದಲ್ಲಿ ಮೋಟರಿನ ಮೂಲಕ 12 ವೋಲ್ಟ್ ನೇರವಾಗಿ 5 ವೋಲ್ಟಿನ ಪೋರ್ಟಿಗೆ ನುಗ್ಗುತ್ತದೆ. ಆ ಟ್ರಾನ್ಸಿಸ್ಟರನ್ನು ನೀವು ಎಸೆದಿಲ್ಲವಾದರೆ ಮಲ್ಟಿಮೀಟರಿನಲ್ಲಿ ಅಳೆದು ನೋಡಿ, ಎರಡು ಕಾಲುಗಳ ನಡುವೆ ಶಾರ್ಟ್ ಸಿಗುವ ಸಾಧ್ಯತೆ ಹೆಚ್ಚು.

ಡಯೋಡ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಊರಿನ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. ತೋಟದ ಪಂಪ್‌ಸೆಟ್ಟಿನಲ್ಲಿ ನೀರು ರಭಸವಾಗಿ ಹರಿಯುತ್ತಿರುವಾಗ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು ಧಡ್ ಎಂದು ಬಡಿದುಕೊಳ್ಳುವುದನ್ನು ಅವರು ನೋಡಿರುತ್ತಾರೆ. ತಂತಿಯ ಸುರುಳಿಯಲ್ಲಿ ಹರಿಯುವ ಪ್ರವಾಹವೂ ಹಾಗೆಯೇ: ಅದನ್ನು ಥಟ್ಟನೆ ಕಡಿದರೆ ಅದು ನಿಲ್ಲಲು ಒಪ್ಪದೆ, ಕಡಿದ ಜಾಗದಲ್ಲಿ ಹತ್ತಾರು ವೋಲ್ಟ್, ಕೆಲವೊಮ್ಮೆ ನೂರಾರು ವೋಲ್ಟ್ ಏರಿಸುತ್ತದೆ. ಸುರುಳಿಗೆ ಅಡ್ಡಲಾಗಿ ತಿರುವುಮುರುವಾಗಿ ಜೋಡಿಸಿದ ಡಯೋಡ್ ಆ ಪ್ರವಾಹಕ್ಕೆ ಸುತ್ತಿ ಬರಲು ಒಂದು ದಾರಿ ಮಾಡಿಕೊಡುತ್ತದೆ, ಒತ್ತಡ ಏರುವುದಿಲ್ಲ. ಕಂಪ್ಯೂಟರ್ ಸ್ತಬ್ಧವಾದದ್ದಕ್ಕೂ ಇದಕ್ಕೂ ಸಂಬಂಧವಿದೆ. ಪೆಂಟಿಯಂ 4 ಪ್ರೊಸೆಸರ್ ತನಗೆ ಬೇಕಾದ ವಿದ್ಯುತ್ತನ್ನು ಪಡೆಯುವುದು ಅದೇ ಹಳದಿ ತಂತಿಯ 12 ವೋಲ್ಟಿನಿಂದ. ಅದರ ಮೇಲೆ ಬ್ರಷ್ ಇರುವ ಮೋಟರಿನ ಕಿಡಿಗಳ ಗದ್ದಲವನ್ನು ಸುರಿದರೆ ಪ್ರೊಸೆಸರ್ ದಾರಿ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಮೋಟರಿಗೆ ಪ್ರತ್ಯೇಕ ಅಡಾಪ್ಟರ್ ಅಥವಾ ಬ್ಯಾಟರಿ ಕೊಡಿ, ಕಂಪ್ಯೂಟರಿನ ಒಳಗಿನ ತಂತಿಯಿಂದ ಎಂದೂ ತೆಗೆಯಬೇಡಿ.

ಪೋರ್ಟ್ ಪೂರ್ತಿ ಹೋಯಿತೇ ಎಂಬ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಬಹುಶಃ ಹೋಗಿಲ್ಲ, ಆದರೆ ಊಹಿಸುವ ಬದಲು ಅಳೆಯೋಣ. ಬಯೋಸ್‌ನಲ್ಲಿ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಮಿನ ಸೆಟ್ಟಿಂಗ್‌ನಲ್ಲಿ) ಪೋರ್ಟನ್ನು ಎಸ್‌ಪಿಪಿ ಎಂಬ ಸರಳ ವಿಧಾನಕ್ಕೆ ಹೊಂದಿಸಿ. ಪೋರ್ಟಿಗೆ ಏನನ್ನೂ ಜೋಡಿಸದೆ, ಕ್ಯೂಬೇಸಿಕ್‌ನಲ್ಲಿ ವಿಳಾಸ 888ಕ್ಕೆ 255 ಎಂಬ ಸಂಖ್ಯೆಯನ್ನು ಔಟ್ ಆದೇಶದಿಂದ ಕಳುಹಿಸಿ. 888 ಎನ್ನುವುದು ಪುಸ್ತಕಗಳಲ್ಲಿ ಕಾಣುವ ಹೆಕ್ಸಾಡೆಸಿಮಲ್ 378ರ ದಶಮಾನ ರೂಪ. ಈಗ 2ರಿಂದ 9ರವರೆಗಿನ ಎಂಟು ದತ್ತಾಂಶ ಪಿನ್ನುಗಳಲ್ಲಿ ಪ್ರತಿಯೊಂದನ್ನೂ 18ರಿಂದ 25ರವರೆಗಿನ ಯಾವುದಾದರೂ ಗ್ರೌಂಡ್ ಪಿನ್ನಿಗೆ ಹೋಲಿಸಿ ಅಳೆದರೆ 3ರಿಂದ 5 ವೋಲ್ಟ್ ಸಿಗಬೇಕು. ಅನಂತರ 0 ಕಳುಹಿಸಿದರೆ ಎಲ್ಲವೂ ಸೊನ್ನೆಯ ಹತ್ತಿರ ಇಳಿಯಬೇಕು. ಎರಡೂ ಪರೀಕ್ಷೆಯಲ್ಲಿ 2ನೇ ಪಿನ್ ಮಾತ್ರ ಬದಲಾಗದೆ ಉಳಿದರೆ ನಷ್ಟ ಅಷ್ಟಕ್ಕೇ ನಿಂತಿದೆ, ಉಳಿದ ಏಳು ಪಿನ್ನುಗಳಿಂದ ನಿಮ್ಮ ಕೆಲಸ ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೊಂಬತ್ತರ ದಶಕದ ಮೊದಲ ವರ್ಷಗಳವರೆಗೆ ಪ್ರಿಂಟರ್ ಪೋರ್ಟ್ ಸಾಮಾನ್ಯವಾಗಿ ಬೇರೆಯೇ ಕಾರ್ಡಿನ ಮೇಲೆ ಇರುತ್ತಿತ್ತು, ಸುಟ್ಟರೆ ಕಾರ್ಡ್ ಬದಲಿಸಿದರಾಯಿತು. ಪೆಂಟಿಯಂ 4ರ ಕಾಲಕ್ಕೆ ಅದು ಮದರ್‌ಬೋರ್ಡಿಗೆ ಬೆಸುಗೆ ಹಾಕಿದ ಒಂದೇ ಚಿಪ್ಪಿನೊಳಗೆ ಸೇರಿಹೋಗಿತ್ತು, ಕೀಬೋರ್ಡ್, ಮೌಸ್ ಮತ್ತು ಫ್ಲಾಪಿಯನ್ನು ನೋಡಿಕೊಳ್ಳುವುದೂ ಸಾಮಾನ್ಯವಾಗಿ ಅದೇ ಚಿಪ್. ವರ್ಷಗಳ ಹಿಂದೆ ನಾನೇ ಒಂದು ಪ್ರಯೋಗಾಲಯದಲ್ಲಿ ಡಯೋಡ್ ಹಾಕದ ರಿಲೇ (ತಂತಿಯ ಸುರುಳಿಯಿಂದ ನಡೆಯುವ ಸ್ವಿಚ್) ಒಂದನ್ನು ಪೋರ್ಟಿಗೆ ಜೋಡಿಸಿ, ಮರುಕ್ಷಣವೇ ಕೀಬೋರ್ಡ್ ಸತ್ತುಹೋದದ್ದನ್ನು ಕಂಡಿದ್ದೇನೆ. ಆ ಮದರ್‌ಬೋರ್ಡ್ ಮತ್ತೆ ಬಳಕೆಗೆ ಬರಲಿಲ್ಲ. ಅಂದಿನಿಂದ ಮದರ್‌ಬೋರ್ಡಿನ ಪೋರ್ಟಿಗೆ ಯಾವ ಮೋಟರನ್ನೂ ಆಪ್ಟೋಕಪ್ಲರ್ ಇಲ್ಲದೆ ನಾನು ಜೋಡಿಸಿಲ್ಲ, ನಿಮಗೂ ಅದನ್ನೇ ಹೇಳುತ್ತೇನೆ.

ಆಪ್ಟೋಕಪ್ಲರ್ ಎಂದರೆ ಒಂದೇ ಪುಟ್ಟ ಪೊಟ್ಟಣದೊಳಗೆ ಎದುರುಬದುರಾಗಿ ಕೂತ ಎಲ್‌ಇಡಿ ಮತ್ತು ಬೆಳಕಿಗೆ ಸ್ಪಂದಿಸುವ ಟ್ರಾನ್ಸಿಸ್ಟರ್. ಎರಡರ ನಡುವೆ ಹಾಯುವುದು ಬೆಳಕು ಮಾತ್ರ; ಮೋಟರಿನ ಕಡೆ ಏನೇ ಅನಾಹುತವಾದರೂ ಕಂಪ್ಯೂಟರಿನ ಕಡೆಗೆ ತಂತಿಯ ದಾರಿಯೇ ಇಲ್ಲ. ಪಿಸಿ 817 ಎಂಬ ನಾಲ್ಕು ಕಾಲಿನ ಐಸಿ ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಪೋರ್ಟಿನ ಪಿನ್ನಿನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಅದರ ಎಲ್‌ಇಡಿಗೆ, ಅಲ್ಲಿಂದ ಪೋರ್ಟಿನ ಗ್ರೌಂಡಿಗೆ. ಆಚೆ ಬದಿಯಲ್ಲಿ ಟ್ರಾನ್ಸಿಸ್ಟರಿನ ಕಲೆಕ್ಟರನ್ನು ಮೋಟರ್ ಕಡೆಯ 5 ವೋಲ್ಟಿಗೂ ಎಮಿಟರನ್ನು ಯುಎಲ್‌ಎನ್ 2003 ಎಂಬ ಡ್ರೈವರ್ ಐಸಿಯ ಇನ್‌ಪುಟ್ಟಿಗೂ ಜೋಡಿಸಿ. ಎರಡು ಬದಿಯ ಗ್ರೌಂಡುಗಳು ಎಲ್ಲೂ ಸೇರಬಾರದು. ಸೇರಿಸಿಬಿಟ್ಟರೆ ಆಪ್ಟೋಕಪ್ಲರ್ ಹಾಕಿದ್ದೇ ವ್ಯರ್ಥ. ಯುಎಲ್‌ಎನ್ 2003ರೊಳಗೆ ಏಳು ಡಾರ್ಲಿಂಗ್‌ಟನ್ ಜೋಡಿಗಳಿವೆ, ಅಂದರೆ ಒಟ್ಟಿಗೆ ದುಡಿಯುವ ಎರಡೆರಡು ಟ್ರಾನ್ಸಿಸ್ಟರುಗಳು. ಒಂದೊಂದರ ಗರಿಷ್ಠ ಮಿತಿ 500 ಮಿಲಿ ಆಂಪಿಯರ್, ಎಲ್ಲವೂ ಒಟ್ಟಿಗೆ ದುಡಿದರೆ ಅಷ್ಟು ಸಿಗುವುದಿಲ್ಲ. ಡಯೋಡುಗಳೂ ಒಳಗೇ ಇವೆ, ಆದರೆ 9ನೇ ಕಾಲನ್ನು ಮೋಟರಿನ ಧನ ತಂತಿಗೆ ಜೋಡಿಸಿದಾಗ ಮಾತ್ರ ಅವು ಕೆಲಸ ಮಾಡುತ್ತವೆ. ಈ ಒಂದು ತಂತಿ ಮರೆತು ಐಸಿ ಸುಟ್ಟುಕೊಂಡ ವಿದ್ಯಾರ್ಥಿಗಳನ್ನು ನಾನು ಎಣಿಸಲಾರದಷ್ಟು ನೋಡಿದ್ದೇನೆ.

ಯುಎಸ್‌ಬಿ ಕೇಬಲಿನ ಸಲಹೆಯನ್ನು ಕೈಬಿಡಿ. ಆ ಕೇಬಲ್ ಪ್ರಿಂಟರಿನೊಂದಿಗೆ ಮಾತನಾಡಲಷ್ಟೇ ಮಾಡಿದ್ದು. 888 ಎಂಬ ವಿಳಾಸ ಅದರಲ್ಲಿಲ್ಲ, ಒಂದೊಂದು ಪಿನ್ನನ್ನು ನಮ್ಮ ಇಚ್ಛೆಯಂತೆ ಏರಿಸಿ ಇಳಿಸಲು ಅದು ಬಿಡುವುದಿಲ್ಲ. ಪೋರ್ಟ್ ನಿಜಕ್ಕೂ ಹೋಗಿದ್ದರೆ ಕಂಪ್ಯೂಟರಿನೊಳಗೆ ಸಿಕ್ಕಿಸುವ ಪಿಸಿಐ ಕಾರ್ಡ್ ಪೋರ್ಟ್ ಸಿಗುತ್ತದೆ, ಅದು ಸರಿಯಾದ ಪರಿಹಾರ. ಅದರ ವಿಳಾಸ ಮಾತ್ರ ಸಾಮಾನ್ಯವಾಗಿ 888 ಆಗಿರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ರಿಸೋರ್ಸಸ್ ಪುಟ ತೆರೆದು ನೋಡಬೇಕು. ಸುಟ್ಟರೂ ಕಾರ್ಡ್ ಮಾತ್ರ ಸುಡುವ ಸಂಭವವೇ ಹೆಚ್ಚಾದ್ದರಿಂದ, ಶಾಲೆಯ ಪ್ರಯೋಗಕ್ಕೆ ಮೊದಲಿನಿಂದಲೇ ಕಾರ್ಡ್ ಬಳಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಹಳೆಯ ಕಂಪ್ಯೂಟರ್ ಮತ್ತು ಆರ್ಡುಯಿನೋ, ಇವೆರಡರಲ್ಲಿ ಯಾವುದು? ಇದು ಯಾವುದು ಹೆಚ್ಚು ಎಂಬ ಪ್ರಶ್ನೆಯಲ್ಲ, ನೀವು ಮಾಡಹೊರಟ ಯಂತ್ರ ಯಾವುದು ಎಂಬ ಪ್ರಶ್ನೆ. ಗಾಡಿಯೇ ಬೇಕೆಂದರೆ ಈ ಕಂಪ್ಯೂಟರ್ ಸರಿಯಲ್ಲ, ಏಕೆಂದರೆ ಗಾಡಿಯು ಹಿಂದೆ ದಪ್ಪ ಕೇಬಲ್ ಎಳೆದುಕೊಂಡು ಎರಡು ಮೂರು ಮೀಟರಿಗಿಂತ ಆಚೆ ಹೋಗಲಾರದು. ಆರ್ಡುಯಿನೋ ಊನೋ ಗಾಡಿಯ ಬೆನ್ನ ಮೇಲೆಯೇ ಕೂರುತ್ತದೆ. ಅದರ ಪಿನ್ ಕೂಡ 20 ಮಿಲಿ ಆಂಪಿಯರಿನ ಆಸುಪಾಸಿನಲ್ಲೇ ಇರಬೇಕು, ಆದ್ದರಿಂದ ಅಲ್ಲಿಯೂ ಡ್ರೈವರ್ ಐಸಿ ತಪ್ಪುವುದಿಲ್ಲ. ಎರಡು ಮೋಟರನ್ನು ಹಿಂದೆ ಮುಂದೆ ಓಡಿಸಲು ಎಲ್ 293 ಡಿ ಎಂಬ ಡ್ರೈವರ್ ಐಸಿ ಸಾಕು, ಆದರೆ ಅದರ ಮಿತಿ ಒಂದು ಮೋಟರಿಗೆ 600 ಮಿಲಿ ಆಂಪಿಯರ್, ಜೊತೆಗೆ ಅಷ್ಟು ಪ್ರವಾಹ ಹರಿಯುವಾಗ ಅದು ಸುಮಾರು 2.6 ವೋಲ್ಟ್ ತಾನೇ ನುಂಗಿಬಿಡುತ್ತದೆ. ನಾಲ್ಕು ಸೆಲ್ಲುಗಳ 6 ವೋಲ್ಟಿನಲ್ಲಿ ಮೋಟರಿಗೆ ಉಳಿಯುವುದು 3.4. ಅಂಗಡಿಯವರು ಬಿಒ ಮೋಟರ್ ಎಂದು ಕರೆಯುವ ಹಳದಿ ಗೇರ್ ಮೋಟರುಗಳು ಇದಕ್ಕೆ ಹೊಂದುತ್ತವೆ, ಗೇರ್ ಇಲ್ಲದ ಬರಿಯ ಆಟಿಕೆ ಮೋಟರ್ ಹೊಂದುವುದಿಲ್ಲ.

ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸರ್ವೋ ಮೋಟರನ್ನೂ ಕಂಪ್ಯೂಟರಿನಿಂದ ನೇರವಾಗಿ ನಡೆಸಲು ಹೋಗಬೇಡಿ. ಅದಕ್ಕೆ ಸೆಕೆಂಡಿಗೆ 50 ಬಾರಿ, ಪ್ರತಿ ಬಾರಿಯೂ 1ರಿಂದ 2 ಮಿಲಿ ಸೆಕೆಂಡ್ ಉದ್ದದ ಮಿಡಿತ ಬೇಕು. ಆ 1 ಮಿಲಿ ಸೆಕೆಂಡಿನ ವ್ಯತ್ಯಾಸದಲ್ಲೇ ಸರ್ವೋ ಸುಮಾರು 90 ಡಿಗ್ರಿ ತಿರುಗುತ್ತದೆ, ಹಾಗಾಗಿ ಮಿಡಿತದ ಉದ್ದದಲ್ಲಿ ಹತ್ತನೇ ಒಂದು ಮಿಲಿ ಸೆಕೆಂಡ್ ಏರುಪೇರಾದರೂ ಸರ್ವೋದ ಕೈ 9 ಡಿಗ್ರಿ ನಡುಗುತ್ತದೆ. ವಿಂಡೋಸ್ ಒಂದೇ ಸಮಯದಲ್ಲಿ ಹತ್ತು ಕೆಲಸ ನೋಡಿಕೊಳ್ಳುವುದರಿಂದ ನಮ್ಮ ಪ್ರೋಗ್ರಾಮಿಗೆ ಸರದಿ ಸಿಗುವ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು ಏರುಪೇರಾಗುತ್ತದೆ.

ಆದರೆ ಒಂದೊಂದೇ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರಿನ ವಿಷಯಕ್ಕೆ ಬಂದರೆ ನಿಮ್ಮ ಹಳೆಯ ಕಂಪ್ಯೂಟರ್ ಇವತ್ತಿನ ಲ್ಯಾಪ್‌ಟಾಪಿಗಿಂತ ಎಷ್ಟೋ ಮೇಲು, ಇದನ್ನು ನಾನು ಪೂರ್ಣ ನಂಬಿಕೆಯಿಂದ ಹೇಳುತ್ತೇನೆ. ಅದನ್ನು ವಿಂಡೋಸ್ ಇಲ್ಲದೆ ಬರಿಯ ಡಾಸ್‌ಗೆ ಬೂಟ್ ಮಾಡಿದರೆ ಇಡೀ ಯಂತ್ರ ನಿಮ್ಮ ಒಂದೇ ಪ್ರೋಗ್ರಾಮಿನ ಕೈಯಲ್ಲಿರುತ್ತದೆ; ಪೋರ್ಟಿಗೆ ಒಂದು ಸಂಖ್ಯೆ ಬರೆಯಲು ಸುಮಾರು 1 ಮೈಕ್ರೊಸೆಕೆಂಡ್ ಸಾಕು, ನಡುವೆ ಬೇರೆ ಪ್ರೋಗ್ರಾಮಿನ ಸರದಿ ಬರುವುದಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಪೋರ್ಟಿಗೆ ನೇರವಾಗಿ ಬರೆಯುವುದನ್ನೇ ತಡೆದಿದ್ದಾರೆ, ಆದ್ದರಿಂದ 98ನ್ನು ತೆಗೆದು ಎಕ್ಸ್‌ಪಿ ಹಾಕಬೇಡಿ. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ 8255 ಚಿಪ್ಪಿನ ಮೂಲಕ ಸ್ಟೆಪ್ಪರ್ ತಿರುಗಿಸುವ ಪ್ರಯೋಗವನ್ನು ಮಾಡಿದ ಸಾವಿರಾರು ಮಂದಿ ಇದ್ದಾರೆ. ನಿಮ್ಮ ಮಕ್ಕಳು ಅದನ್ನೇ ಇನ್ನೂ ಸರಳವಾಗಿ ಮಾಡಬಹುದು.

ಗುಜರಿಗೆ ಹೋಗಲಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅಥವಾ ಅಗಲ ಫ್ಲಾಪಿಯ ಡ್ರೈವಿನಲ್ಲಿ ಸ್ಟೆಪ್ಪರ್ ಸಿಗುತ್ತದೆ. ಐದು ಅಥವಾ ಆರು ತಂತಿಗಳಿರುವುದನ್ನು ಆರಿಸಿ, ನಾಲ್ಕೇ ತಂತಿ ಇರುವುದಕ್ಕೆ ಯುಎಲ್‌ಎನ್ 2003 ಒಗ್ಗುವುದಿಲ್ಲ. ಯಾವ ತಂತಿ ನಡುವಿನದು ಎಂದು ಮಲ್ಟಿಮೀಟರ್ ಹೇಳುತ್ತದೆ: ಎರಡು ತುದಿಗಳ ನಡುವೆ 150 ಓಮ್ ಬಂದರೆ, ನಡುವಿನ ತಂತಿಯಿಂದ ಒಂದೊಂದು ತುದಿಗೆ 75 ಬರುತ್ತದೆ. ಅಂಥ ಮೋಟರಿನ ಒಂದು ಸುರುಳಿ 12 ವೋಲ್ಟಿನಲ್ಲಿ 160 ಮಿಲಿ ಆಂಪಿಯರ್ ಎಳೆಯುತ್ತದೆ, ಯುಎಲ್‌ಎನ್‌ಗೆ ಅದು ಹಗುರ. ಹತ್ತಿಪ್ಪತ್ತು ಓಮ್ ಮಾತ್ರ ಬಂದರೆ ಆ ಮೋಟರನ್ನು ಪಕ್ಕಕ್ಕಿಡಿ. ನಡುವಿನ ತಂತಿಯನ್ನು 12 ವೋಲ್ಟಿಗೆ, ನಾಲ್ಕು ತುದಿಗಳನ್ನು ಯುಎಲ್‌ಎನ್‌ನ ನಾಲ್ಕು ಔಟ್‌ಪುಟ್ಟುಗಳಿಗೆ ಜೋಡಿಸಬೇಕು, ಒಂದೇ ಸುರುಳಿಯ ಎರಡು ತುದಿಗಳು ಒಂದು ಬಿಟ್ಟು ಒಂದರಂತೆ ಬರಬೇಕು.

ಪೋರ್ಟಿಗೆ ಒಂದರ ನಂತರ ಒಂದು ಕಳುಹಿಸಬೇಕಾದ ಸಂಖ್ಯೆಗಳ ಕ್ರಮ ಪುಸ್ತಕದಲ್ಲಿ 3, 6, 12, 9 ಎಂದಿರುತ್ತದೆ. ಅದು 2ರಿಂದ 5ರವರೆಗಿನ ಪಿನ್ನುಗಳಿಗೆ. ನಿಮ್ಮ 2ನೇ ಪಿನ್ ಸತ್ತಿರುವುದರಿಂದ 3ರಿಂದ 6ರವರೆಗಿನ ಪಿನ್ನುಗಳನ್ನು ಬಳಸಿ ಪ್ರತಿ ಸಂಖ್ಯೆಯನ್ನೂ ಎರಡರಿಂದ ಗುಣಿಸಿ: 6, 12, 24, 18. ಏಕೆ ಗುಣಿಸಬೇಕು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ದ್ವಿಮಾನ ಸಂಖ್ಯೆಯನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಮೋಟರಿನ ಹೆಜ್ಜೆ 1.8 ಡಿಗ್ರಿಯದಾಗಿದ್ದರೆ ಈ ನಾಲ್ಕರ ಸುತ್ತು 50 ಬಾರಿ ನಡೆದಾಗ ದಂಡ ಸರಿಯಾಗಿ ಒಂದು ಸುತ್ತು ಬರುತ್ತದೆ. ಕ್ರಮವನ್ನು ಹಿಂದಿನಿಂದ ಮುಂದಕ್ಕೆ ಬರೆದರೆ ಹಿಮ್ಮುಖವಾಗಿ ತಿರುಗುತ್ತದೆ. ಸೆಕೆಂಡಿಗೆ 50 ಹೆಜ್ಜೆಯಿಂದ ಆರಂಭಿಸಿ ನಿಧಾನವಾಗಿ ಏರಿಸಿ. ಮೊದಲೇ ವೇಗ ಕೊಟ್ಟರೆ ಮೋಟರ್ ಗುಂಯ್ ಎನ್ನುತ್ತಾ ನಿಂತಲ್ಲೇ ನಡುಗುತ್ತದೆ. ಪ್ರೋಗ್ರಾಮ್ ಮುಗಿಯುವಾಗ 888ಕ್ಕೆ 0 ಕಳುಹಿಸಲು ಮರೆಯಬೇಡಿ, ಇಲ್ಲವಾದರೆ ನಿಂತ ಮೋಟರಿನಲ್ಲೂ ಪ್ರವಾಹ ಹರಿಯುತ್ತಲೇ ಇದ್ದು ಮೈ ಕಾಯುತ್ತದೆ. ಗಾಡಿಯ ಬದಲು ಇಂಥ ಎರಡು ಮೋಟರುಗಳಿಂದ ಕಾಗದದ ಮೇಲೆ ಪೆನ್ನು ಓಡಿಸುವ ಚಿತ್ರಯಂತ್ರವನ್ನು ಮಾಡಿ ಎಂಬುದು ನನ್ನ ಸಲಹೆ. ಎರಡು ಮೋಟರಿಗೆ ಎಂಟು ಗೆರೆ ಬೇಕು, ನಿಮ್ಮಲ್ಲಿ ಉಳಿದಿರುವುದು ಏಳು. ಆ ಹಂತಕ್ಕೆ ಬಂದಾಗ ಪಿಸಿಐ ಕಾರ್ಡ್ ಕೊಳ್ಳಬೇಕಾಗುತ್ತದೆ, ಎರಡನೇ ಯುಎಲ್‌ಎನ್ 2003 ಕೂಡ. ಮೊದಲ ಮೋಟರಿಗೆ ಈಗಿರುವ ಪೋರ್ಟೇ ಸಾಕು.

ಕೆಲಸಕ್ಕೆ ಕೂರುವಾಗ ಕೇಬಲನ್ನು ಕಂಪ್ಯೂಟರ್ ಆರಿರುವಾಗಲೇ ಸಿಕ್ಕಿಸಿ. ಬೂಟ್ ಆಗುವ ಹೊತ್ತಿನಲ್ಲಿ ಬಯೋಸ್ ಪ್ರಿಂಟರನ್ನು ಹುಡುಕುತ್ತಾ ಪಿನ್ನುಗಳನ್ನು ತನ್ನಿಷ್ಟಕ್ಕೆ ಏರಿಸಿ ಇಳಿಸುವುದರಿಂದ ಮೋಟರುಗಳು ಇದ್ದಕ್ಕಿದ್ದಂತೆ ಜಿಗಿಯಬಹುದು. ಹಾಗಾಗಿ ಮೋಟರಿನ 12 ವೋಲ್ಟಿಗೆ ಬೇರೆ ಸ್ವಿಚ್ ಇಟ್ಟು, ಪ್ರೋಗ್ರಾಮ್ ಸಿದ್ಧವಾಗಿ 0 ಕಳುಹಿಸಿದ ಮೇಲೆಯೇ ಅದನ್ನು ಹಾಕಿ, ಮುಗಿಸುವಾಗ ಮೊದಲು ಅದನ್ನೇ ಆರಿಸಿ. 12 ವೋಲ್ಟಿನ ದಾರಿಯಲ್ಲಿ 1 ಆಂಪಿಯರಿನ ಫ್ಯೂಸ್ ಇರಲಿ. ಯುಎಲ್‌ಎನ್ ಐಸಿಯನ್ನು ನೇರವಾಗಿ ಬೆಸುಗೆ ಹಾಕದೆ ಸಾಕೆಟ್ಟಿನಲ್ಲಿ ಕೂರಿಸಿ. ಮೊದಲ ದಿನ ಮೋಟರಿನ ಜಾಗದಲ್ಲಿ ನಾಲ್ಕು ಎಲ್‌ಇಡಿಗಳನ್ನು ಒಂದೊಂದಕ್ಕೂ 1 ಕಿಲೋ ಓಮ್ ರೆಸಿಸ್ಟರಿನೊಂದಿಗೆ ಜೋಡಿಸಿ, ಹೆಜ್ಜೆಗೆ ಅರ್ಧ ಸೆಕೆಂಡಿನಂತೆ ಪ್ರೋಗ್ರಾಮ್ ಓಡಿಸಿ. ದೀಪಗಳು ಎರಡೆರಡಾಗಿ ಹೊತ್ತಿ ಒಂದೊಂದೇ ಸ್ಥಾನ ಸರಿಯುತ್ತಾ ಹೋದರೆ ತಂತಿಗಳು ಸರಿಯಾಗಿವೆ, ಮೋಟರ್ ಜೋಡಿಸಬಹುದು. ನಡುವೆ ಒಂದು ದೀಪ ತಪ್ಪಿದರೆ ಅದೇ ಗೆರೆಯ ಆಪ್ಟೋಕಪ್ಲರನ್ನು ತಿರುಗಿಸಿ ಹಾಕಿದ್ದೀರೋ ನೋಡಿ. ಅದರ ಮೂಲೆಯ ಚುಕ್ಕಿ ಎಲ್‌ಇಡಿಯ ಧನ ಕಾಲನ್ನು ತೋರಿಸುತ್ತದೆ.